ಹಳೆ ಕಾರ್ವೆಟ್‌ನ ರೂಫ್ ಸೋರುತ್ತಿದೆಯಾ, ಕಿರುಗುಡುತ್ತಿದೆಯಾ? ಪ್ಯಾನೆಲ್ ಬದಲಿಸುವ ಮುಂಚೆ ಇಷ್ಟು ನೋಡಿ

ರೂಫ್ ಪ್ಯಾನೆಲ್ (ಕಾರಿನ ಮೇಲಿಂದ ಬಿಚ್ಚಿ ತೆಗೆಯಬಹುದಾದ ಛಾವಣಿ) ಬದಲಿಸಬೇಕು, ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಕೆಟ್ಟಿರುವುದು ಪ್ಯಾನೆಲ್ಲೇ ಅಂತ ನಿಮಗೆ ಹೇಗೆ ಗೊತ್ತಾಯಿತು? ಎಷ್ಟೋ ಜನರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಮಳೆಯಲ್ಲಿ ತೊಡೆ ಮೇಲೆ ನೀರು ತೊಟ್ಟಿಕ್ಕಿತು, ತಲೆ ಎತ್ತಿ ನೋಡಿದರು, ಮೇಲೆ ಇರುವುದು ರೂಫ್, ಅಲ್ಲಿಗೆ ತೀರ್ಮಾನ ಆಗಿಹೋಯಿತು. ಒಳ್ಳೆ ಪ್ಯಾನೆಲ್ಲಿಗೆ ದುಡ್ಡೂ ಜಾಸ್ತಿ, ಹುಡುಕಾಟವೂ ಜಾಸ್ತಿ. ಅಷ್ಟೆಲ್ಲ ಮಾಡಿ ಕೂರಿಸಿದ ಮೇಲೂ ಅದೇ ಜಾಗದಲ್ಲಿ ನೀರು ಬಂದರೆ ಯಾರನ್ನು ಬೈಯುವುದು?

ಇಲ್ಲಿ ಹೇಳುತ್ತಿರುವುದು 1984ರಿಂದ 1996ರವರೆಗೆ ಬಂದ ನಾಲ್ಕನೇ ತಲೆಮಾರಿನ ಷೆವ್ರೊಲೆ ಕಾರ್ವೆಟ್ ಬಗ್ಗೆ, ಎಲ್ಲರೂ ಸಿ4 ಅಂತ ಕರೆಯುವುದು. ಅದರಲ್ಲೂ ಕೂಪೆ, ಅಂದರೆ ಗಟ್ಟಿ ರೂಫಿನದು. 1986ರಿಂದ ಬಂದ ಬಟ್ಟೆ ಹೊದಿಕೆಯ ಕನ್ವರ್ಟಿಬಲ್ ಕಥೆಯೇ ಬೇರೆ, ಅದು ಇಲ್ಲಿ ಬೇಡ. ಅಮೆರಿಕದಲ್ಲಿ ಈ ಕಾರು ಇನ್ನೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಇಲ್ಲಿ ಮಿಷಿಗನ್‌ನಲ್ಲಿ ನನಗೆ ಗೊತ್ತಿರುವ ನಮ್ಮ ಕನ್ನಡದವರೇ ಕೆಲವರು ಗ್ಯಾರೇಜಿನಲ್ಲಿ ಒಂದನ್ನು ಇಟ್ಟುಕೊಂಡಿದ್ದಾರೆ.

ಮೊದಲು ಕಾರಿನ ಕಟ್ಟೋಣ ಸ್ವಲ್ಪ ಗೊತ್ತಿರಲಿ

ಇದರ ಹಿಂದಿನ ಕಾರ್ವೆಟ್ಟಿನಲ್ಲಿ ರೂಫ್ ಎರಡು ತುಂಡು. ನಡುವೆ ಮುಂದಿನಿಂದ ಹಿಂದಕ್ಕೆ ಒಂದು ಪಟ್ಟಿ ಇರುತ್ತಿತ್ತು. ಸಿ4ನ್ನೂ ಹಾಗೇ ಮಾಡುವುದು ಅಂತ ವಿನ್ಯಾಸ ಶುರುವಾಗಿತ್ತು. ಕೆಲಸ ಸಾಕಷ್ಟು ಮುಂದೆ ಹೋದ ಮೇಲೆ ನಡುವಿನ ಪಟ್ಟಿ ಬೇಡ, ರೂಫ್ ಒಂದೇ ತುಂಡಾಗಿ ಬಿಚ್ಚಿ ಬರಲಿ ಅಂತ ತೀರ್ಮಾನ ಆಯಿತು. ಪಟ್ಟಿ ಹೋದರೆ ಬಾಡಿಯ ಬಿಗಿ ಹೋಗುತ್ತದಲ್ಲ, ಅದಕ್ಕೆ ಬಾಗಿಲ ಕೆಳಗಿನ ಎರಡೂ ಹೊಸ್ತಿಲನ್ನು ಎತ್ತರ ಮಾಡಿದರು. ಈ ಕಾರಿನೊಳಗೆ ಕಾಲು ಎತ್ತಿ ದಾಟಿ ಕೂರಬೇಕಾಗಿರುವುದು ಅದಕ್ಕೇ. ಎಷ್ಟು ಮಾಡಿದರೂ ರೂಫ್ ತೆಗೆದಾಗ ಬಾಡಿ ಒಂದಿಷ್ಟು ತಿರುಚುತ್ತದೆ. ನಾಲ್ಕು ಬೋಲ್ಟ್ ಹಾಕಿ ಬಿಗಿದ ಪ್ಯಾನೆಲ್ ಆ ತಿರುಚುವಿಕೆಯನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ಅಂದರೆ ಈ ಪ್ಯಾನೆಲ್ ಸುಮ್ನೆ ಮುಚ್ಚಳ ಅಲ್ಲ. ಕೆಳಗೆ ಹೇಳುವ ಅರ್ಧ ತೊಂದರೆಗಳಿಗೆ ಕಾರಣ ಇದೇ.

ಇನ್ನೊಂದು ವಿಷಯ. ಬಾಗಿಲ ಗಾಜಿಗೆ ಚೌಕಟ್ಟಿಲ್ಲ. ಗಾಜಿನ ಮೇಲಿನ ಅಂಚು ನೇರವಾಗಿ ರೂಫಿನ ಪಕ್ಕದ ರಬ್ಬರ್ ಬೀಡಿಂಗಿಗೆ ಹೋಗಿ ಒತ್ತಿಕೊಳ್ಳುತ್ತದೆ. ಹಾಗಾಗಿ ನೀರು ತಡೆಯುವುದು ಪ್ಯಾನೆಲ್ ಅಲ್ಲ, ಬೀಡಿಂಗು. ಮುಂದಿನ ಗಾಜಿನ ಮೇಲ್ಪಟ್ಟಿಯದು, ಗಾಜಿನ ಪಕ್ಕದ ಕಂಬದ್ದು, ರೂಫಿನ ಪಕ್ಕದ್ದು, ಹಿಂದಿನ ಕಮಾನಿನದು ಅಂತ ಬೇರೆ ಬೇರೆ ತುಂಡುಗಳು ಮೂಲೆಗಳಲ್ಲಿ ಬಂದು ಸೇರುತ್ತವೆ. ನೀರು ಬರುವುದೂ ಆ ಮೂಲೆಗಳಲ್ಲೇ.

ನೀರು: ಅದು ಮಳೆ ನೀರೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಪಕ್ಕದ ಸೀಟಿನವರ ಕಾಲ ಬಳಿ ಕಾರ್ಪೆಟ್ ಒದ್ದೆಯಾಗಿದ್ದರೆ ರೂಫ್ ಕಡೆ ನೋಡಲೇಬೇಡಿ, ಮೊದಲು ಬೆರಳು ಅದ್ದಿ ನೋಡಿ. ಜಿಡ್ಡುಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಕೂಲಂಟ್, ಎಂಜಿನ್ ತಣ್ಣಗಿಡುವ ದ್ರವ. ಆ ದ್ರವದ ಬಿಸಿಯಿಂದ ಒಳಗಿನ ಗಾಳಿ ಕಾಯಿಸುವ ಹೀಟರ್ ಕೋರ್ ಅದೇ ಬದಿಯಲ್ಲಿದೆ, ಅದು ಸೋರುತ್ತಿದೆ. ಹೀಟರ್ ಹಾಕಿದಾಗ ಮುಂದಿನ ಗಾಜಿನ ಒಳಗೆ ಎಣ್ಣೆ ಥರದ ಮಂಜು ಕೂತರಂತೂ ಅನುಮಾನವೇ ಬೇಡ. ವಾಸನೆ ಇಲ್ಲದ ತಿಳಿ ನೀರಾಗಿದ್ದು, ಮಳೆಯೇ ಇಲ್ಲದ ಬೇಸಿಗೆಯಲ್ಲಿ ಎಸಿ ಹಾಕಿ ಓಡಿಸಿದ ಮೇಲೆ ಒದ್ದೆಯಾಗುತ್ತಿದ್ದರೆ ಎಸಿ ನೀರು ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡಿದೆ. ಎರಡಕ್ಕೂ ರೂಫಿಗೂ ಸಂಬಂಧ ಇಲ್ಲ.

ಮಳೆ ನೀರೇ ಅಂತಾದರೆ ಅದು ಯಾವಾಗ ಬೀಳುತ್ತದೆ ಅಂತ ಗಮನಿಸಿ. ನಿಂತ ಕಾರಿನಲ್ಲೂ ಬೀಳುತ್ತದಾ, ಅಥವಾ ಬ್ರೇಕ್ ಹಾಕಿದಾಗ ಮಾತ್ರ ಗಳಗಳ ಅಂತ ಒಂದಷ್ಟು ಮುಂದೆ ಬಂದು ಬೀಳುತ್ತದಾ? ಬ್ರೇಕ್ ಹಾಕಿದಾಗ ಮಾತ್ರ ಅಂದರೆ ನೀರು ಇನ್ನೆಲ್ಲೋ ಒಳಗೆ ಬಂದು, ಪ್ಯಾನೆಲ್ಲಿನ ಒಳ ಅಂಚಿನಲ್ಲೋ ಟ್ರಿಮ್ (ಒಳಗಿನ ಹೊದಿಕೆ ಪಟ್ಟಿ) ಹಿಂದೆಯೋ ನಿಂತು, ಬ್ರೇಕ್ ಹಾಕಿದಾಗ ಮುಂದಕ್ಕೆ ಹರಿದು ಬರುತ್ತಿದೆ. ಬೀಳುವ ಜಾಗಕ್ಕೂ ಒಳಗೆ ನುಗ್ಗುವ ಜಾಗಕ್ಕೂ ಆಗ ಸಂಬಂಧವೇ ಇರುವುದಿಲ್ಲ.

ಈಗ ಪೈಪ್ ಪರೀಕ್ಷೆ. ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತು ಬಾಗಿಲು, ಗಾಜು ಎಲ್ಲ ಮುಚ್ಚಿಕೊಳ್ಳಲಿ. ಹೊರಗಿನವರು ತೋಟದ ಪೈಪನ್ನು ತುದಿಯ ನಾಜಲ್ ತೆಗೆದು ಸಣ್ಣಗೆ ನೀರು ಬಿಡಲಿ. ಶುರು ಕೆಳಗಿನಿಂದ. ಮೊದಲು ಮುಂದಿನ ಗಾಜಿನ ಬುಡ, ಆಮೇಲೆ ಪಕ್ಕದ ಕಂಬ, ಆಮೇಲೆ ಬಾಗಿಲ ಗಾಜಿನ ಅಂಚು, ಆಮೇಲೆ ಮೇಲಿನ ಮೂಲೆ, ಕೊನೆಗೆ ರೂಫಿನ ಮುಂದಿನ ಹಿಂದಿನ ಸಂದುಗಳು. ಒಂದೊಂದು ಜಾಗದಲ್ಲೂ ಕೆಲವು ನಿಮಿಷ ತಾಳ್ಮೆಯಿಂದ ನಿಲ್ಲಬೇಕು. ಮೇಲಿನಿಂದ ಶುರು ಮಾಡಿದಿರೋ, ನೀರು ಎಲ್ಲ ಕಡೆ ಇಳಿದು ಯಾವುದು ಕಳ್ಳ ಅಂತ ಗೊತ್ತಾಗುವುದೇ ಇಲ್ಲ. ಕಾರ್ ತೊಳೆಯುವ ಪ್ರೆಷರ್ ಮಷಿನ್ ಮಾತ್ರ ಬೇಡ. ಚೌಕಟ್ಟಿಲ್ಲದ ಗಾಜು, ಅದರ ಏಟಿಗೆ ಸರಿಯಾಗಿರುವ ರಬ್ಬರೂ ನೀರು ಬಿಡುತ್ತದೆ, ಆಮೇಲೆ ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ.

ನೀರು ಬರುವ ಜಾಗ ಗೊತ್ತಾದ ಮೇಲೆ ಕಾಗದದ ಪರೀಕ್ಷೆ. ಒಂದು ಡಾಲರ್ ನೋಟನ್ನು ಗಾಜಿಗೂ ಬೀಡಿಂಗಿಗೂ ನಡುವೆ ಇಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ, ಸ್ವಲ್ಪ ಎಳೆದಾಡಿ ಬರಬೇಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತು ಇಲ್ಲ. ಇಂಚಿಂಚಾಗಿ ಪೂರ್ತಿ ಅಂಚನ್ನು ಹೀಗೆ ನೋಡಿ. ಬೇಕಿದ್ದರೆ ಗಾಜಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆಯಿರಿ. ರಬ್ಬರಿನ ಮೇಲೆ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಗಾಜು ಮುಟ್ಟುತ್ತಿಲ್ಲ.

ಮುಟ್ಟದೇ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ರಬ್ಬರ್ ಸತ್ತಿರುತ್ತದೆ: ಉಗುರಿನಿಂದ ಒತ್ತಿದರೆ ಮತ್ತೆ ಉಬ್ಬುವುದಿಲ್ಲ, ಬಿಸಿಲಲ್ಲಿ ಬಿಟ್ಟ ಹಳೇ ಹವಾಯಿ ಚಪ್ಪಲಿ ಥರ ಗಟ್ಟಿಯಾಗಿ ಹೊಳೆಯುತ್ತಿರುತ್ತದೆ, ಮೂಲೆಯಲ್ಲಿ ಕುಗ್ಗಿ ಸಂದು ಬಿಟ್ಟಿರುತ್ತದೆ. ಇಲ್ಲವೇ ಬಾಗಿಲು ಜೋತಿರುತ್ತದೆ. ಸಿ4 ಬಾಗಿಲು ಉದ್ದ, ಭಾರ. ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಕಟಕ್ ಅಂತ ಆಡಿದರೆ ಕೀಲಿನ ಪಿನ್, ಬುಷ್ ಸವೆದಿವೆ. ಅದೂ ಅಲ್ಲದಿದ್ದರೆ ಗಾಜಿನ ಹೊಂದಾಣಿಕೆ ತಪ್ಪಿದೆ. ಬಾಗಿಲಿನ ಒಳ ಹಲಗೆ ಬಿಚ್ಚಿ ಗಾಜನ್ನು ಒಳಕ್ಕೆ ವಾಲಿಸುವ, ಎತ್ತರ ಸರಿ ಮಾಡುವ ಹೊಂದಾಣಿಕೆ ಅಲ್ಲಿ ಮಾಡಬೇಕು. ನೋಡಿ, ಈ ಮೂರರಲ್ಲಿ ಎಲ್ಲೂ ಪ್ಯಾನೆಲ್ ಹೆಸರು ಬರಲಿಲ್ಲ.

ಗಾಳಿ ಸದ್ದು

ಇದು ಸುಲಭ. ರೂಫಿನ ಸುತ್ತ ಎಲ್ಲ ಸಂದಿಗೂ ಬಣ್ಣ ಹೊಡೆಯುವವರು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ ಹೈವೇಗೆ ಹೋಗಿ. ಸದ್ದು ನಿಂತರೆ ಒಂದೊಂದೇ ಟೇಪ್ ಕಿತ್ತು ಮತ್ತೆ ಓಡಿಸಿ, ಯಾವುದು ಕಿತ್ತಾಗ ಸುಯ್ ಅಂತ ಶುರುವಾಯಿತೋ ಅದೇ ಜಾಗ. ಟೇಪ್ ಎಲ್ಲ ಇದ್ದಾಗಲೂ ಸದ್ದು ಹಾಗೇ ಇದ್ದರೆ ಅದು ರೂಫಲ್ಲ, ಕನ್ನಡಿಯೋ ಬಾಗಿಲ ಕೆಳಗಿನ ಬೀಡಿಂಗೋ ಇನ್ನೇನೋ. ಹೈವೇಗೆ ಹೋಗಲು ಆಗದಿದ್ದರೆ ಒಳಗಿನ ಬ್ಲೋವರನ್ನು ಹೊರಗಿನ ಗಾಳಿಗೆ ಇಟ್ಟು ಪೂರ್ತಿ ಜೋರು ಮಾಡಿ, ಎಲ್ಲ ಮುಚ್ಚಿ, ಸಂದುಗಳ ಮೇಲೆ ಸೋಪಿನ ನೀರು ಬಳಿಯಿರಿ. ಗಾಳಿ ಬಿಡುವ ಕಡೆ ಗುಳ್ಳೆ ಏಳುತ್ತದೆ.

ಕಿರುಗುಟ್ಟುವ ಸದ್ದು: ಇಲ್ಲಿ ಪ್ಯಾನೆಲ್ ಮೇಲೆ ಅನುಮಾನ ಪಡಬಹುದು

ಮನೆ ಮುಂದಿನ ಇಳಿಜಾರಿಗೆ ಒಂದು ಚಕ್ರ ಮೊದಲು ಹತ್ತಿದಾಗ, ತಲೆ ಹಿಂದೆ ಕಿರ್ ಅನ್ನುತ್ತದಾ? ಒಣ ಹವೆ ಇದ್ದ ದಿನ ಪ್ಯಾನೆಲ್ ಬಿಚ್ಚಿ ಮನೆಯಲ್ಲೇ ಇಟ್ಟು ಅದೇ ದಾರಿಯಲ್ಲಿ ಓಡಿಸಿ. ಸದ್ದು ಇನ್ನೂ ಇದ್ದರೆ ಪ್ಯಾನೆಲ್ ನಿರಪರಾಧಿ. ಹೋಯಿತು ಅಂದರೆ ಮುಂದಿನ ಹೆಜ್ಜೆ.

ರಬ್ಬರಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಮತ್ತೆ ಕೂರಿಸಿ. ಒಣ ರಬ್ಬರ್ ಉಜ್ಜುವ ಸದ್ದಾಗಿದ್ದರೆ ಅಲ್ಲಿಗೇ ಮುಗಿಯಿತು, ಮನೆಗೆ ಹೋಗಿ. ಪೆಟ್ರೋಲಿಯಂ ಜೆಲ್ಲಿ ಸವರಬೇಡಿ, ಆಮೇಲೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಆಮೇಲೆ ನಾಲ್ಕು ಬೋಲ್ಟ್ ನೋಡಿ, ಮುಂದೆ ಎರಡು ಹಿಂದೆ ಎರಡು, ಎಲ್ಲ ಒಳಗಿನಿಂದಲೇ ಸಿಗುತ್ತವೆ. ಬೇಕಾಗುವುದು ಟಿ-40 ಟಾರ್ಕ್ಸ್ ಬಿಟ್ (ನಕ್ಷತ್ರದ ಆಕಾರದ ತುದಿಯದು) ಮತ್ತು ಗಿಡ್ಡ ರ್‍ಯಾಚೆಟ್. ಕಾರಿನ ಜೊತೆ ಬಂದ ಅಸಲಿ ಉಪಕರಣ ಹಳೆ ಕಾರುಗಳಲ್ಲಿ ಎಷ್ಟೋ ಸಲ ಕಳೆದೇ ಹೋಗಿರುತ್ತದೆ. ಅಲೆನ್ ಕೀ ತುರುಕಿ ತಿರುಗಿಸಿದರೆ ಬೋಲ್ಟಿನ ತಲೆ ಉಂಡೆಯಾಗುತ್ತದೆ, ಆಮೇಲೆ ಡ್ರಿಲ್ ಮಾಡಿಯೇ ತೆಗೆಯಬೇಕು. ಬೋಲ್ಟ್ ತಿರುಗುತ್ತಲೇ ಇದ್ದು ಬಿಗಿ ಆಗುತ್ತಿಲ್ಲ ಅಂದರೆ ಥ್ರೆಡ್ ಹೋಗಿದೆ, ಅಥವಾ ಬೋಲ್ಟ್ ಕಚ್ಚಿಕೊಳ್ಳುವ ಲೋಹದ ತುಂಡೇ ತನ್ನ ಜಾಗದಲ್ಲಿ ಸಡಿಲವಾಗಿ ಸುತ್ತುತ್ತಿದೆ.

ಈಗ ಪಾರದರ್ಶಕ ಪ್ಯಾನೆಲ್ ವಿಷಯ. ಸಿ4ಗೆ ಎರಡು ಥರದ ರೂಫ್ ಬರುತ್ತಿತ್ತು. ಒಂದು ಕಾರಿನ ಬಣ್ಣದ್ದೇ ಗಟ್ಟಿ ಪ್ಯಾನೆಲ್, ಫೈಬರ್‌ಗ್ಲಾಸ್ ಜಾತಿಯದು. ಇನ್ನೊಂದು ಆಕ್ರಿಲಿಕ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್, ನೀಲಿ ಇಲ್ಲವೇ ಕಂಚಿನ ಛಾಯೆಯದು. ಕೆಲವರು ದುಡ್ಡು ಕೊಟ್ಟು ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ನಿಮ್ಮ ಕಾರಿಗೆ ಕಾರ್ಖಾನೆಯಿಂದ ಯಾವುದು ಬಂದಿತ್ತು ಅಂತ ತಿಳಿಯಬೇಕಾದರೆ ಒಳಗಿನ ಸಾಮಾನು ಇಡುವ ಖಾನೆಯ ಮುಚ್ಚಳದ ಅಡಿಯಲ್ಲಿ ಕೋಡ್‌ಗಳ ಚೀಟಿ ಅಂಟಿಸಿದ್ದಾರಾ ನೋಡಿ. ಸಿಸಿ3 (CC3) ಅಂತಿದ್ದರೆ ಪಾರದರ್ಶಕ, ಸಿ2ಎಲ್ (C2L) ಅಂತಿದ್ದರೆ ಎರಡೂ ಬಂದಿದ್ದವು.

ಆಕ್ರಿಲಿಕ್ ಹಾಳೆಯನ್ನು ಸುತ್ತಲಿನ ಚೌಕಟ್ಟಿಗೆ ಅಂಟಿನಿಂದ ಕೂರಿಸಿದ್ದಾರೆ. ಬಿಸಿಲಿಗೆ ಆಕ್ರಿಲಿಕ್ ಹಿಗ್ಗುವಷ್ಟು ಚೌಕಟ್ಟು ಹಿಗ್ಗುವುದಿಲ್ಲ. ದಿನಾ ಹಗಲು ಎಳೆತ, ರಾತ್ರಿ ಎಳೆತ, ಮೂವತ್ತು ವರ್ಷ. ಅಂಟು ಬಿಡದೇ ಏನು ಮಾಡೀತು? ಟ್ರಾಯ್ ಊರಿನಲ್ಲಿರುವ ಗೆಳೆಯರೊಬ್ಬರ ಕಾರಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಕಂಚಿನ ಛಾಯೆಯ ರೂಫ್, ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಡ್ರೈವರ್ ಬದಿಯ ಹಿಂದಿನ ಮೂಲೆಯಲ್ಲಿ ಹೆಬ್ಬೆರಳು ಒತ್ತಿದರೆ ಹಾಳೆ ಒಂದು ಕೂದಲಷ್ಟು ಕೆಳಗೆ ಹೋಗಿ ಚಟ್ ಅಂತ ಮೇಲೆ ಬರುತ್ತಿತ್ತು. ಅಂಚಿನಲ್ಲಿ ಅಂಟು ಬೆಳ್ಳಗೆ ತಿರುಗಿತ್ತು, ಕ್ರೆಡಿಟ್ ಕಾರ್ಡ್ ತೂರಿಸಿದರೆ ಎರಡು ಬೆರಳಗಲ ಸಲೀಸಾಗಿ ಒಳಗೆ ಹೋಯಿತು. "ಗುರುಗಳೇ, ಹಿಂದಿನ ಸಸ್ಪೆನ್ಷನ್ ಬುಷ್ ಎಲ್ಲ ಬದಲಿಸಿಬಿಟ್ಟೆನಲ್ರೀ" ಅಂದರು ಅವರು. ಸದ್ದು ಹಿಂದಿನಿಂದ ಬರುತ್ತಿತ್ತಲ್ಲ, ಪಾಪ.

ಇಂಥದ್ದು ಸಿಕ್ಕರೆ ಆ ಪ್ಯಾನೆಲ್ ಇಟ್ಟುಕೊಂಡು ಹೈವೇಗೆ ಹೋಗಬೇಡಿ. ಗಾಳಿ ರೂಫನ್ನು ಮೇಲಕ್ಕೆ ಎಳೆಯುತ್ತದೆ, ಹಾಳೆ ಕಿತ್ತು ಹಾರಿದರೆ ಹಿಂದಿನವರ ಗಾಜಿನ ಮೇಲೆ ಬೀಳುತ್ತದೆ. ಆದರೆ ಇದೂ ಬದಲಿಸಲೇಬೇಕಾದ ದೋಷ ಅಲ್ಲ. ಚೌಕಟ್ಟು, ಹಾಳೆ ಎರಡೂ ಚೆನ್ನಾಗಿದ್ದರೆ ಹಳೆ ಅಂಟನ್ನು ಪೂರ್ತಿ ಕೆರೆದು, ಕಾರಿನ ಮುಂದಿನ ಗಾಜು ಅಂಟಿಸುವ ಯುರೆಥೇನ್ ಜಾತಿಯ, ಆಕ್ರಿಲಿಕ್‌ಗೆ ಆಗುತ್ತದೆ ಅಂತ ತಯಾರಕರೇ ಹೇಳಿರುವ ಅಂಟಿನಿಂದ ಮತ್ತೆ ಕೂರಿಸಬಹುದು. ಎಪಾಕ್ಸಿ ಬೇಡ, ಅದು ಗಟ್ಟಿಯಾಗಿ ಕೂರುತ್ತದೆ, ಹಿಗ್ಗುವಿಕೆಗೆ ಬಗ್ಗುವುದಿಲ್ಲ, ಮತ್ತೆ ಬಿಡುತ್ತದೆ.

ಹಾಗಾದರೆ ಪ್ಯಾನೆಲ್ ಯಾವಾಗ ಬದಲಿಸಬೇಕು?

ಆಕ್ರಿಲಿಕ್‌ನಲ್ಲಿ ಬಲೆ ಥರ ಸಣ್ಣ ಬಿರುಕುಗಳು ಒಳಗಿಳಿದಿದ್ದರೆ. ಮೇಲಿನ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಬಹುದು, ಈ ಬಿರುಕು ಪಾಲಿಶ್‌ಗೆ ಹೋಗುವುದಿಲ್ಲ. (ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ, ಸ್ಪಿರಿಟ್, ಇವೆಲ್ಲ ಬಿರುಕನ್ನು ಕರೆದು ತರುತ್ತವೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.) ಗಟ್ಟಿ ಪ್ಯಾನೆಲ್ಲಿನಲ್ಲಾದರೆ ಬೋಲ್ಟ್ ಜಾಗದ ಸುತ್ತ ಬಣ್ಣದಲ್ಲಿ ನಕ್ಷತ್ರದಂತೆ ಒಡಕು ಬಂದಿದ್ದು, ಒಳಗಿನ ನಾರು ಬಿಟ್ಟುಕೊಂಡಿದ್ದರೆ. ಸಣ್ಣದಾಗಿದ್ದರೆ ಫೈಬರ್‌ಗ್ಲಾಸ್ ಕೆಲಸ ಗೊತ್ತಿರುವವರು ರಿಪೇರಿ ಮಾಡುತ್ತಾರೆ. ನಾಲ್ಕರಲ್ಲಿ ಎರಡು ಕಡೆ ಹೀಗಾಗಿದ್ದರೆ ನಾನಾದರೆ ಬದಲಿಸುತ್ತೇನೆ. ಮೂರನೆಯದು, ಪ್ಯಾನೆಲ್ಲೇ ಸೊಟ್ಟಗಾಗಿದ್ದರೆ.

ಸೊಟ್ಟ ಯಾವುದು, ಪ್ಯಾನೆಲ್ಲಾ ಬಾಡಿಯಾ? ಇದನ್ನು ತಿಳಿಯುವುದು ಮುಖ್ಯ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಪ್ಯಾನೆಲ್ ತೆಗೆದು, ತೆರೆದ ಜಾಗದ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಿರಿ: ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆ, ಆಮೇಲೆ ಅದರ ಉಲ್ಟಾ. ಎರಡೂ ಒಂದೇ ಬರಬೇಕು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದ್ದರೆ ಕಾರು ಎಲ್ಲೋ ಗುದ್ದಿದೆ, ಯಾವ ಪ್ಯಾನೆಲ್ ತಂದರೂ ಸರಿ ಕೂರುವುದಿಲ್ಲ, ಮೊದಲು ಫ್ರೇಮ್ ನೋಡುವವರ ಹತ್ತಿರ ಹೋಗಿ. ಸರಿ ಇದ್ದರೆ ಪ್ಯಾನೆಲ್ಲನ್ನೂ ಕಂಬಳಿ ಮೇಲೆ ಮಗುಚಿ ಹಾಗೇ ಅಳೆಯಿರಿ.

ಇದಕ್ಕಿಂತ ಒಳ್ಳೆ ಪರೀಕ್ಷೆ ಒಂದಿದೆ. ಆಸುಪಾಸಿನ ವರ್ಷದ ಸಿ4 ಇರುವ ಯಾರಾದರೂ ಪರಿಚಯ ಇದ್ದರೆ ಅವರ ಪ್ಯಾನೆಲ್ಲನ್ನು ಅರ್ಧ ಗಂಟೆ ಕೇಳಿ ಪಡೆದು ನಿಮ್ಮ ಕಾರಿಗೆ ಕೂರಿಸಿ ಪೈಪ್ ಪರೀಕ್ಷೆ ಮಾಡಿ. ಅದೇ ಜಾಗದಲ್ಲಿ ನೀರು ಬಂತಾ? ನಿಮ್ಮ ಪ್ಯಾನೆಲ್ ಮೇಲಿನ ಕೇಸು ಬಿದ್ದುಹೋಯಿತು.

ಬದಲಿಸುವಾಗ

ಹಳೆ ಮಾಲು ಕೊಳ್ಳುವುದಾದರೆ ಮಾರುವವರಿಂದ ಮೇಲಿನ ಹೊಳೆಯುವ ಫೋಟೋ ಕೇಳಬೇಡಿ. ಅಡಿಭಾಗದ್ದು, ನಾಲ್ಕೂ ಬೋಲ್ಟ್ ಜಾಗದ್ದು, ನಾಲ್ಕೂ ಮೂಲೆಯ ಅಂಚಿನದ್ದು ಕೇಳಿ. ಆಗುವುದಾದರೆ ಹೋಗಿ ನೋಡಿ ನೀವೇ ತನ್ನಿ. ಪಾರ್ಸೆಲ್‌ನಲ್ಲಿ ಇಷ್ಟು ದೊಡ್ಡ ಬಾಗಿದ ವಸ್ತು ಬಂದರೆ ಮೂಲೆ ಒಡೆಯದೇ ಬರುವುದು ನಿಮ್ಮ ಅದೃಷ್ಟ.

ಪ್ಯಾನೆಲ್ ಬದಲಿಸುವ ದಿನವೇ ಅದರ ಬೀಡಿಂಗೂ ಬದಲಿಸಿ. ಹೊಸ ರಬ್ಬರನ್ನು ಅಂಟಿಲ್ಲದೇ ಒಮ್ಮೆ ಇಟ್ಟು ನೋಡಿ. ಅಚ್ಚು ಹಾಕಿದ ಮೂಲೆಯ ತುಂಡುಗಳನ್ನು ಮೊದಲು ಅವುಗಳ ಜಾಗಕ್ಕೆ ಕೂರಿಸಿ, ಉಳಿದ ನೇರ ಭಾಗವನ್ನು ಆಮೇಲೆ ಸೇರಿಸಿಕೊಂಡು ಹೋಗಿ. ಒಂದು ತುದಿಯಿಂದ ಶುರು ಮಾಡಿ ಎಳೆಎಳೆದು ಅಂಟಿಸಿದರೆ ಇವತ್ತು ಚೆನ್ನಾಗಿ ಕಾಣುತ್ತದೆ, ಆರು ತಿಂಗಳಲ್ಲಿ ರಬ್ಬರ್ ತನ್ನ ಅಳತೆಗೆ ವಾಪಸ್ ಕುಗ್ಗಿ ಮೂಲೆ ಬಾಯಿ ಬಿಡುತ್ತದೆ, ನೀವು ಮತ್ತೆ ಪ್ಯಾನೆಲ್ಲನ್ನೇ ಬೈಯುತ್ತೀರಿ. ಹಳೆ ಅಂಟು ಒಂದು ಚೂರೂ ಉಳಿಯಬಾರದು, ಕೆರೆಯುವ ಪ್ಲಾಸ್ಟಿಕ್ ಹಲಗೆಯಿಂದ ತೆಗೆಯಿರಿ. ಇದು ಇಡೀ ಕೆಲಸದಲ್ಲಿ ಅತ್ಯಂತ ಬೇಜಾರಿನ ಭಾಗ, ಅತ್ಯಂತ ಮುಖ್ಯವಾದದ್ದೂ ಇದೇ. ಬೀಡಿಂಗಿಗೆ ಅಂತಲೇ ಬರುವ ಕಪ್ಪು ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಕೈಗೆ ಅಂಟಂಟಾಗುವವರೆಗೆ ಬಿಟ್ಟು, ಆಮೇಲೆ ಒತ್ತಿ. ಚಳಿಗಾಲದಲ್ಲಿ ಗ್ಯಾರೇಜ್ ತಣ್ಣಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅಂಟು ಹಿಡಿಯುವುದಿಲ್ಲ.

ಕೂರಿಸುವಾಗ ಕಾರು ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಜ್ಯಾಕ್ ಮೇಲಲ್ಲ, ಇಳಿಜಾರಿನಲ್ಲೂ ಅಲ್ಲ. ಮೊದಲೇ ಹೇಳಿದೆನಲ್ಲ, ರೂಫ್ ಇಲ್ಲದಾಗ ಬಾಡಿ ತಿರುಚುತ್ತದೆ. ತಿರುಚಿದ ಬಾಡಿಗೆ ಪ್ಯಾನೆಲ್ ಬಿಗಿದರೆ ಬೋಲ್ಟ್ ತೂತು ಸೇರುವುದಿಲ್ಲ. ಬಲವಂತವಾಗಿ ಸೇರಿಸಿದರೆ ಆ ಎಳೆತವನ್ನೆಲ್ಲ ಪ್ಯಾನೆಲ್ ಹೊರಬೇಕಾಗುತ್ತದೆ, ಒಡಕು ಶುರುವಾಗುವುದು ಹಾಗೇ. ಇದೇ ಕಾರಣಕ್ಕೆ ರೂಫ್ ತೆಗೆದಿಟ್ಟು ಜ್ಯಾಕ್ ಹಾಕಿ ಚಕ್ರ ಬಿಚ್ಚುವುದೂ ಬೇಡ.

ಎರಡೂ ಗಾಜು ಪೂರ್ತಿ ಇಳಿಸಿ. ಮುಂದಿನ ಬಾನೆಟ್ ಮೇಲೆ, ಹಿಂದಿನ ಗಾಜಿನ ಮೇಲೆ ಕಂಬಳಿ ಹಾಸಿ. ಇಬ್ಬರು ಎರಡು ಕಡೆಯಿಂದ ಎತ್ತಿ ಇಡಿ. ಒಬ್ಬರೇ ಎತ್ತುವ ಸಾಹಸದಲ್ಲಿ ಬಣ್ಣ ಗೀರಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಾಲ್ಕೂ ಬೋಲ್ಟನ್ನು ಮೊದಲು ಬೆರಳಿನಿಂದಲೇ ಕೆಲವು ಸುತ್ತು ಹಾಕಿ, ಒಂದನ್ನೂ ಬಿಗಿ ಮಾಡಬೇಡಿ. ಬೆರಳಿಗೆ ಹೋಗದ ಬೋಲ್ಟ್ ನೇರ ಇಲ್ಲ ಅಂತ ಅರ್ಥ, ರ್‍ಯಾಚೆಟ್ ಹಾಕಿದರೆ ಥ್ರೆಡ್ ಹಾಳು. ನಾಲ್ಕೂ ಹಿಡಿದ ಮೇಲೆ ಎದುರು ಬದುರು ಮೂಲೆಗಳಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬೋಲ್ಟ್ ಬಿಗಿಯುವ ಗಾಳಿಯ ಗನ್ ಆಗಲಿ ಬ್ಯಾಟರಿಯ ಇಂಪ್ಯಾಕ್ಟ್ ಮಷಿನ್ ಆಗಲಿ ಹತ್ತಿರ ತರಬೇಡಿ. ಯಾವ ಬೋಲ್ಟ್ ಯಾವ ತೂತಿನದು ಅಂತ ಬಿಚ್ಚುವಾಗಲೇ ಗುರುತು ಹಾಕಿಟ್ಟುಕೊಂಡಿದ್ದರೆ ಈಗ ತಲೆನೋವಿಲ್ಲ.

ಹೊಸ ರಬ್ಬರ್ ದಪ್ಪ ಇರುತ್ತದೆ, ಮೊದಮೊದಲು ಬಾಗಿಲು ಹಾಕಲು ಜೋರು ಬೇಕಾಗುತ್ತದೆ. ಗಾಬರಿಯಾಗಿ ಗಾಜಿನ ಹೊಂದಾಣಿಕೆ ತಿರುಗಿಸಲು ಹೋಗಬೇಡಿ. ಗಾಜು ಏರಿಸಿ, ಬಾಗಿಲು ಹಾಕಿ, ಕಾರನ್ನು ಕೆಲವು ದಿನ ಬಿಸಿಲಲ್ಲಿ ನಿಲ್ಲಿಸಿ, ರಬ್ಬರ್ ಗಾಜಿನ ಆಕಾರಕ್ಕೆ ಕೂರಲಿ. ಆಮೇಲೆ ಒಂದು ಸುತ್ತು ಓಡಿಸಿ ಬಂದು ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ, ನೋಟಿನ ಪರೀಕ್ಷೆ, ಪೈಪ್ ಪರೀಕ್ಷೆ ಎರಡನ್ನೂ ಮತ್ತೆ ಮಾಡಿ. ಆಗಲೂ ಒಂದು ಮೂಲೆ ಜಾರುತ್ತಿದ್ದರೆ ಆಗ ಮಾತ್ರ ಗಾಜನ್ನು ಮುಟ್ಟಿ.

ಹಳೆ ಪ್ಯಾನೆಲ್ ಒಡೆದಿದ್ದರೂ ಕಸಕ್ಕೆ ಹಾಕಬೇಡಿ. ಅದರ ಬೋಲ್ಟು, ಒಳಗಿನ ಟ್ರಿಮ್ಮು, ಚೌಕಟ್ಟು, ಲೋಹದ ತುಂಡುಗಳು ಬೇರೆ ಯಾರಿಗೋ ಬೇಕಾಗಿರುತ್ತವೆ. ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿ ಮೇಲೆ ಹೆಸರು ಬರೆದಿಡಿ.